ಹತ್ತು ಮಿನಿಟಿನ ಉಪನ್ಯಾಸ, ಒಂದು ಎಮ್ಮೆ

ಶುಕ್ರವಾರ ಬಂತೆಂದರೆ ಗಂಗಾಬಾಯಿಗೆ ಮೈಯೆಲ್ಲ ಉರಿಯುತ್ತಿತ್ತು. ಅಂದು ಸವಣೂರಿನ ಪೇಟೆ ಮಧ್ಯಾಹ್ನಕ್ಕೇ ಬಾಗಿಲು ಹಾಕುವ ದಿನ. ಅಂಗಡಿ ಮುಚ್ಚಿದ ಯಜಮಾನರೆಲ್ಲ ಮನೆಗೆ ಹೋಗಿ ಉಂಡು ಅಡ್ಡಾಗುವುದು ಬಿಟ್ಟು ಅವಳ ಮನೆಯ ಪಡಸಾಲೆಗೆ ಬಂದು ಜಮಖಾನೆಯ ಮೇಲೆ ಸಾಲಾಗಿ ಕೂಡುತ್ತಿದ್ದರು. ಕೂತು ಜ್ಞಾನ ಪಡೆಯುತ್ತಿದ್ದರು. ಜ್ಞಾನ ಕೊಡಿಸುವ ಮಹಾಶಯ ಅವಳ ಅಣ್ಣನ ಮಗ ಪ್ರಾಣೇಶ.

ಈ ಪ್ರಾಣೇಶ ಮೂರು ವರ್ಷ ಇಂಗ್ಲಿಷ್ ಸಾಲೆಯಲ್ಲಿ ಮಾಸ್ತರಿಕೆ ಮಾಡಿ, ಹೆಡ್‌ಮಾಸ್ತರರಿಗಿಂತ ತನಗೇ ಹೆಚ್ಚು ತಿಳಿಯುತ್ತದೆಂದು ಹೆಡ್‌ಮಾಸ್ತರರಿಗೇ ಹೇಳಿ, ನೌಕರಿ ಕಳೆದುಕೊಂಡು ಬಂದವನು. ಆಮೇಲೆ ಪೇಟೆಯವರಿಗೆ ಅರ್ಜಿ, ಕಾಗದ ಬರೆದುಕೊಟ್ಟು ಹೊಟ್ಟೆ ಹೊರೆಯುತ್ತಿದ್ದ. ಹೋದ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತೇಳರಲ್ಲಿ, ಯಾರದೋ ಮದುವೆಗೆಂದು ಪುಣೆಗೆ ಹೋದವನು ಒಂದು ಹುಚ್ಚು ಹಿಡಿಸಿಕೊಂಡು ಬಂದ. ಅಲ್ಲಿಯ ವ್ಯಾಪಾರಸ್ಥರು ವಾರಕ್ಕೊಮ್ಮೆ ಒಂದೆಡೆ ಸೇರುತ್ತಾರಂತೆ. ಒಬ್ಬರ ಗಿರಾಕಿಯನ್ನು ಇನ್ನೊಬ್ಬರ ಅಂಗಡಿಗೆ ಕಳಿಸಿಕೊಡುತ್ತಾರಂತೆ. ಚಹಾ ಕುಡಿದ ಮೇಲೆ ಅವರಲ್ಲೊಬ್ಬ ಎದ್ದು ತನ್ನ ಕಸುಬಿನ ಬಗ್ಗೆ ಹತ್ತೇ ಹತ್ತು ಮಿನಿಟು ಮಾತಾಡಿ ಉಳಿದವರಿಗೆ ತಿಳಿವಳಿಕೆ ಕೊಡುತ್ತಾನಂತೆ. ಇಷ್ಟು ನೋಡಿ ಬಂದದ್ದೇ ತಡ, ಸವಣೂರಿನಲ್ಲಿ ‘ವರ್ತಕರ ಪರಸ್ಪರ ಸಹಾಯಕ ಮಂಡಳ’ ಹುಟ್ಟಿಬಿಟ್ಟಿತು. ಪ್ರಾಣೇಶ ಅದರ ಕಾರ್ಯದರ್ಶಿ. ಅವನಿಗೆ ಅಂಗಡಿಯಿಲ್ಲ, ಗಿರಾಕಿಯಿಲ್ಲ, ಒಂದು ತಕ್ಕಡಿ ಸಹ ಇಲ್ಲ. ಆದರೂ ಕಾರ್ಯದರ್ಶಿ.

ಉಪನ್ಯಾಸಗಳ ಚಂದವನ್ನಂತೂ ಕೇಳಲೇಬೇಡಿ. ಅಡಿಗೆಮನೆಯ ಬಾಗಿಲ ಹಿಂದೆ ಮಜ್ಜಿಗೆ ಕಡೆಯುತ್ತ ಗಂಗಾಬಾಯಿ ಒಂದನ್ನೂ ಬಿಡದೆ ಕೇಳಿದ್ದಳು. ಮೊದಲನೆಯದನ್ನು ಪ್ರಾಣೇಶನೇ ಮಾಡಿದ. ಹತ್ತು ಮಿನಿಟಿನದು ಮುಕ್ಕಾಲು ತಾಸು ನಡೆಯಿತು, ವಿಲಾಯತಿಯ ವ್ಯಾಪಾರದಿಂದ ಹೊರಟದ್ದು ಸವಣೂರು ಮುಟ್ಟಲೇ ಇಲ್ಲ. ಎರಡನೆಯ ವಾರ ಖಾರಾ ಅಂಗಡಿಯವನ ಪಾಳಿ. ಖಾರಾ ಹೇಗೆ ಇಷ್ಟು ಗರಿಗರಿಯಾಗುತ್ತದೆ ಹೇಳು ಎಂದರೆ, “ದೇವರು ಮಾಡಸ್ತಾನ, ನಾವು ಕರೀತೇವಿ,” ಎಂದು ಹೇಳಿ ಕೂತುಬಿಟ್ಟ. ಎದುರಿಗೇ ಇನ್ನಿಬ್ಬರು ಖಾರಾದವರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುವಾಗ ಎಣ್ಣೆಯ ಹದ ಹೇಳಲು ಅವನಿಗೇನು ತಲೆ ಕೆಟ್ಟಿತ್ತೇ? ಅರಿವೆ ಅಂಗಡಿಯವನು ಸತ್ಯವೇ ತನ್ನ ಬಂಡವಾಳ ಎಂದ. ಅವನ ಗಜಕಡ್ಡಿ ಎರಡು ಬೆರಳು ಗಿಡ್ಡ ಎಂಬುದು ಊರಿನ ಹೆಂಗಸರಿಗೆಲ್ಲ ಗೊತ್ತು. ವೀಳ್ಯದೆಲೆಯ ವ್ಯಾಪಾರಿ ಗುಡ್ಡಪ್ಪನಿಗೆ ಪ್ರಾಣೇಶನೇ ಭಾಷಣ ಬರೆದುಕೊಟ್ಟಿದ್ದ. ಆ ಗುಡ್ಡಪ್ಪನಿಗೆ ಓದು ಬಾರದು ಎಂಬುದನ್ನು ಕೇಳಿ ತಿಳಿಯುವ ವ್ಯವಧಾನ ಕಾರ್ಯದರ್ಶಿಗಳಿಗೆ ಇರಲಿಲ್ಲ. ಪಾಪದವನು ಕಾಗದ ಹಿಡಿದು ಹತ್ತು ಮಿನಿಟು ನಿಂತು, ಬೆವರೊರೆಸಿಕೊಂಡು ಹೋಗಿ ಕೂತ. ಎಲ್ಲರೂ ಚಪ್ಪಾಳೆ ತಟ್ಟಿದರು.

“ಅತ್ಯಾ, ಇವತ್ತ ಇಪ್ಪತ್ತೈದು ಮಂದಿ. ಮಜ್ಜಿಗಿ ಕಡಿಮಿ ಬೀಳಬಾರದು,” ಎಂದು ಪ್ರಾಣೇಶ ಪ್ರತಿ ಶುಕ್ರವಾರ ಬಂದು ಹೇಳುತ್ತಿದ್ದ.

“ಜ್ಞಾನಕ್ಕ ಬರ್ತಾರೋ ಮಜ್ಜಿಗಿಗೆ ಬರ್ತಾರೋ, ಒಂದು ವಾರ ಮಜ್ಜಿಗಿ ನಿಲ್ಲಿಸಿ ನೋಡು,” ಎನ್ನುತ್ತಿದ್ದಳು ಗಂಗಾಬಾಯಿ.

ಮಜ್ಜಿಗೆ ಅವಳದು. ಅದನ್ನು ಇಲ್ಲಿಯೇ ಹೇಳಿಬಿಡಬೇಕು, ಯಾಕೆಂದರೆ ಆ ಮನೆಯಲ್ಲಿ ಅವಳದು ಎನ್ನುವಂಥದು ಬೇರೇನೂ ಇರಲಿಲ್ಲ. ಹದಿನಾರನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ಅಣ್ಣನ ಮನೆಗೆ ಬಂದವಳು. ಅಣ್ಣ ಇರುವ ತನಕ ಅಣ್ಣನಿಗೆ, ಅಣ್ಣ ಹೋದ ಮೇಲೆ ಅವನ ಮಗನಿಗೆ ಕೈಯೊಡ್ಡಿ ಬದುಕಿದಳು. ಸೀರೆ ಹರಿದರೆ ಕೇಳಬೇಕು. ದೇವರ ಬತ್ತಿಗೆ ಎಣ್ಣೆ ಬೇಕಾದರೆ ಕೇಳಬೇಕು. ಕೇಳಿದಾಗಲೆಲ್ಲ ಪ್ರಾಣೇಶ, “ಹೋದ ತಿಂಗಳಷ್ಟ ಕೊಟ್ಟಿದ್ನೆಲ್ಲಾ,” ಎಂದು ಕನ್ನಡಕದ ಮೇಲಿಂದ ನೋಡುತ್ತಿದ್ದ. ಆ ನೋಟ ಸಾಕಾಗಿ, ಆರು ವರ್ಷದ ಹಿಂದೆ, ತಾಯಿಯಿಂದ ತನ್ನ ಪಾಲಿಗೆ ಬಂದಿದ್ದ ಒಂದು ಬೆಳ್ಳಿಯ ತಂಬಿಗೆ ಮಾರಿ, ಹಿರೇಬೆಂಡಿಗೇರಿಯ ಚೌಡವ್ವ ಎಂಬವಳಿಂದ ಒಂದು ಎಮ್ಮೆಗರು ತರಿಸಿ ಸಾಕಿದಳು. ಅದೇ ತುಂಗಿ. ಈಗ ಹೊತ್ತಿಗೆ ನಾಲ್ಕು ಸೇರು ಹಾಲು ಕೊಡುತ್ತಿತ್ತು. ಮಠಕ್ಕೆ ಮೊಸರು, ಎಂಟು ಮನೆಗೆ ಹಾಲು ಕೊಟ್ಟು, ಗಂಗಾಬಾಯಿ ಕಳೆದ ನಾಲ್ಕು ವರ್ಷ ಆ ಕನ್ನಡಕದ ಮುಂದೆ ಒಮ್ಮೆಯೂ ಕೈಯೊಡ್ಡಿರಲಿಲ್ಲ. ಊರಿನ ವರ್ತಕರ ಮಂಡಳ ಅವಳಿರುವ ಮನೆಯಲ್ಲೇ ಕೂಡುತ್ತಿತ್ತು, ಅವಳ ಮಜ್ಜಿಗೆ ಕುಡಿಯುತ್ತಿತ್ತು. ಅವಳೂ ಒಬ್ಬ ವ್ಯಾಪಾರಿ ಎಂಬುದು ಅಷ್ಟು ಜನ ಜ್ಞಾನಿಗಳಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ.

ಶ್ರಾವಣ ಕಳೆದ ಮೇಲಿನ ಒಂದು ಶುಕ್ರವಾರಕ್ಕೆ ದನದ ದಲಾಲಿ ಚಂದ್ರಪ್ಪನ ಉಪನ್ಯಾಸ ಗೊತ್ತಾಯಿತು. ಚಂದ್ರಪ್ಪ ಬಂಕಾಪುರದ ಸಂತೆಯಲ್ಲಿ ಹೆಸರಾದವನು. ಹಿಂದಿನ ದಿನವೇ ಬಂದು ಕಟ್ಟೆಯ ಮೇಲೆ ಕೂತು ತಲೆ ಕೆರೆದುಕೊಂಡ.

“ಮಾಸ್ತರ, ನಮ್ಮ ಕಸಬಿನ್ಯಾಗ ಮಾತ ಇಲ್ರಿ. ವಸ್ತ್ರದ ಕೆಳಗ ಕೈ ಹಿಡೀತೇವಿ, ಬೆರಳಿನ ಮ್ಯಾಲ ದರಾ ಆಡ್ತೇವಿ. ಬಾಯಿ ಬಿಟ್ರ ಯಾಪಾರ ಕೆಡತೈತಿ. ನಾ ಏನಂತ ಭಾಷಣ ಮಾಡ್ಲಿ?”

“ಹಂಗಾದ್ರ ಮಾಡಿ ತೋರಿಸು. ಪ್ರಾತ್ಯಕ್ಷಿಕೆ ಅಂತಾರ ಅದಕ್ಕ. ಮಾರಾಂವ ನಾನಾಗ್ತೇನಿ,” ಎಂದ ಪ್ರಾಣೇಶ.

“ಖರೇ ದನಾ ಬೇಕ್ರಿ, ಖರೇ ಕೊಳ್ಳಾಂವ ಬೇಕು. ಆಟಕ್ಕ ಕೈ ಕೊಟ್ಟ ದಲಾಲಿಗೆ ನಾಳೆ ಸಂತ್ಯಾಗ ಯಾರೂ ಕೈ ಕೊಡಂಗಿಲ್ಲ. ಕೊಳ್ಳಾಂವನ್ನ ನಾ ಕರಕೊಂಡ ಬರ್ತೇನಿ. ದರಾ ಮನಸ್ಸಿಗೆ ಬರದಿದ್ರ ನೀವು ಕೈ ಬಿಡಿಸಿಕೊಳ್ರಿ, ಅಲ್ಲಿಗೆ ಮುಗೀತು. ಬೆರಳಿನ ಲೆಕ್ಕ ಒಂದೀಟು ಹೇಳಿಕೊಡ್ಲೇನ್ರಿ?”

“ನನಗ ಗಣಿತ ಹೇಳಿಕೊಡ್ತೀಯೇನು ನೀ?” ಎಂದು ಪ್ರಾಣೇಶ ನಕ್ಕ.

ಒಳಗೆ ಗಂಗಾಬಾಯಿಯೂ ನಕ್ಕಳು, ಆದರೆ ಬೇರೆ ಕಾರಣಕ್ಕೆ. ಯಾವನ ದನ ತಂದು ನಿಲ್ಲಿಸುತ್ತಾನೋ, ಯಾವ ಪುಣ್ಯಾತ್ಮ ಇವನ ಕೈಗೆ ಅದರ ಹಗ್ಗ ಕೊಡುತ್ತಾನೋ ನೋಡೋಣ ಎಂದುಕೊಂಡಳು.

ಮರುದಿನ ಜಮಖಾನೆ ತುಂಬಿತು. ಚಂದ್ರಪ್ಪ ಬಂದ. ಅವನ ಜೊತೆ ಊರ ಹೊರಗಿನ ಎಲೆತೋಟದ ಮಾಳಪ್ಪ ಬಂದ. ಬಾಣಂತಿ ಮಗಳು ಮನೆಗೆ ಬಂದಿದ್ದಳಾದ್ದರಿಂದ ಅವನಿಗೆ ಹಯನಿನ ಎಮ್ಮೆ ಒಂದು ನಿಜವಾಗಿಯೂ ಬೇಕಾಗಿತ್ತು. ಎಲ್ಲರೂ ಬಂದರು, ದನ ಮಾತ್ರ ಬರಲಿಲ್ಲ. ಕಾರ್ಯದರ್ಶಿಗಳು ಸ್ವಾಗತ ಭಾಷಣ ಬರೆಯುವ ಗದ್ದಲದಲ್ಲಿ ದನದ ವ್ಯವಸ್ಥೆಯನ್ನೇ ಮರೆತಿದ್ದರು. ಗಂಗಾಬಾಯಿ ನೋಡನೋಡುತ್ತಿದ್ದಂತೆ ಪ್ರಾಣೇಶ ಅಡಿಗೆಮನೆ ದಾಟಿ ಹಿತ್ತಲಿಗೆ ಹೋಗಿ ತುಂಗಿಯ ಹಗ್ಗ ಬಿಚ್ಚಿದ.

“ಮುಟ್ಟಬ್ಯಾಡ ಅದನ್ನ,” ಎಂದಳು ಗಂಗಾಬಾಯಿ.

“ಹತ್ತು ಮಿನಿಟು ಅತ್ಯಾ. ಮಾದರಿಗೆ ಅಷ್ಟ.”

“ಆ ಚಂದ್ರಪ್ಪ ನಿನ್ನೆ ಹೇಳಿದ್ದು ಕೇಳಿಸಿಲ್ಲೇನು ನಿನಗ? ಅಂವಾ ಆಟ ಆಡೂದಿಲ್ಲ ಅಂದಾನ.”

“ನಿನಗ ಇದೆಲ್ಲ ತಿಳಿಯೂದಿಲ್ಲ, ಸುಮ್ಮನಿರು,” ಎಂದವನೇ ಓಣಿಯಿಂದ ಸುತ್ತು ಹಾಕಿ ಎಮ್ಮೆಯನ್ನು ಅಂಗಳಕ್ಕೆ ಹೊಡೆದುಕೊಂಡು ಹೋದ. ಗಂಗಾಬಾಯಿ ಬಾಗಿಲ ತನಕ ಬಂದು ನಿಂತಳು. ಗಂಡಸರು ಕೂತ ಪಡಸಾಲೆಗೆ ಅವಳು ಮೂವತ್ತು ವರ್ಷದಲ್ಲಿ ಒಮ್ಮೆಯೂ ಕಾಲಿಟ್ಟವಳಲ್ಲ.

ಉಪನ್ಯಾಸ ಶುರುವಾಯಿತು. ಚಂದ್ರಪ್ಪ ಪ್ರಾಣೇಶನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ಅವನ ಬಲಗೈ ಹಿಡಿದು, ಹೆಗಲ ಮೇಲಿನ ವಸ್ತ್ರವನ್ನು ಇಬ್ಬರ ಕೈಗಳ ಮೇಲೆ ಹೊದಿಸಿದ. “ಹತ್ತರ ಲೆಕ್ಕ,” ಎಂದು ಒಂದೇ ಮಾತು ಹೇಳಿ ಬಾಯಿ ಮುಚ್ಚಿದ. ಅಂದರೆ ಒಂದು ಬೆರಳಿಗೆ ಹತ್ತು ರೂಪಾಯಿ. ಅದಾದ ಮೇಲೆ ಮಾತಿಲ್ಲ, ಕತೆಯಿಲ್ಲ. ಇಪ್ಪತ್ತೈದು ಜನ ಪ್ರತಿಷ್ಠಿತ ವರ್ತಕರು ಕತ್ತು ಚಾಚಿ ಒಂದು ಕೊಳೆ ವಸ್ತ್ರವನ್ನು ದಿಟ್ಟಿಸುತ್ತ ಕೂತರು. ಮಂಡಳ ಹುಟ್ಟಿದಾಗಿನಿಂದ ಯಾರೂ ತೂಕಡಿಸದೆ ಇದ್ದದ್ದು ಅದೇ ಮೊದಲು.

ಚಂದ್ರಪ್ಪ ವ್ಯಾಪಾರದ ರೀತಿಯಂತೆ ಕೆಳಗಿನಿಂದ ಹಿಡಿದ. ಐದೂ ಬೆರಳು ಕೂಡಿಸಿ ಹಿಡಿದ, ಅಂದರೆ ಐವತ್ತು. ಮಾರುವವನು ಅದನ್ನು ಕೊಡವಿ ಮೇಲಕ್ಕೆ ಏರಿಸಬೇಕು, ಆಮೇಲೆ ಇವನು ಐದರ ಮೇಲೆ ಮತ್ತೊಂದು ಬೆರಳು ಹಿಡಿದು ಏರಬೇಕು, ಹಾಗೆ ಏರುತ್ತ ಇಳಿಯುತ್ತ ಎಲ್ಲಿಯೋ ಕೂಡಬೇಕು. ನಮ್ಮ ಮಾಸ್ತರರಿಗೆ ಇದೆಲ್ಲ ಎಲ್ಲಿಂದ ಬರಬೇಕು? ಒಬ್ಬ ಮನುಷ್ಯ ತನ್ನ ಅಂಗೈಯನ್ನು ಇಡಿಯಾಗಿ ಹಿಡಿದೊಡನೆ ಅವರಿಗೆ ಇಂಗ್ಲಿಷ್ ಸಾಲೆ ನೆನಪಾಯಿತು. ಸಾಹೇಬರು ಬಂದಾಗ ಮಾಡುತ್ತಿದ್ದಂತೆ ಗಟ್ಟಿಯಾಗಿ ಒಂದು ಶೇಕ್‌ಹ್ಯಾಂಡ್ ಕೊಟ್ಟರು. ಹಿಡಿದ ಬೆರಳನ್ನು ಹಾಗೆಯೇ ಹಿಡಿದು ಕುಲುಕಿದರೆ ದಲಾಲಿಗಳಲ್ಲಿ ಒಂದೇ ಅರ್ಥ: ಒಪ್ಪಿದೆ, ಕೊಟ್ಟೆ. ಚಂದ್ರಪ್ಪ ಬೆಚ್ಚಿ ಮುಖ ನೋಡಿದ. ಕೈ ಬಿಡದೆ ಸ್ವಲ್ಪ ಹೊತ್ತು ಕಾದ, ಇನ್ನೊಮ್ಮೆ ವಿಚಾರ ಮಾಡಲಿ ಎಂದು. ಪ್ರಾಣೇಶ ಹಲ್ಲು ಬಿಟ್ಟು ಮತ್ತೂ ಜೋರಾಗಿ ಕುಲುಕಿದ.

ಚಂದ್ರಪ್ಪ ವಸ್ತ್ರ ಕೊಡವಿ ಹೆಗಲಿಗೆ ಹಾಕಿಕೊಂಡ. “ಐವತ್ತು. ಮುಗೀತ್ರಿ,” ಎಂದ.

ಮೊದಲು ಮಾತಾಡಿದವನು ಮಾಳಪ್ಪ. “ಐವತ್ತಕ್ಕ? ಈ ಎಮ್ಮಿಗೆ? ನಾ ಎಂಬತ್ತ ಅಂದ್ರೂ ತಗೊಳ್ಳೋ ತಯಾರಿಲೆ ಬಂದಿದ್ನಿ.” ಅವನು ಎದ್ದು ಹೋಗಿ ಎಮ್ಮೆಯ ಸುತ್ತ ಒಂದು ಸಲ ತಿರುಗಿದ. ಎಲ್ಲಿಯಾದರೂ ಕುಂಟು, ಕುರುಡು ಇದೆಯೇ ಎಂದು ನೋಡಿದ. ಏನೂ ಸಿಗಲಿಲ್ಲ. ತಿರುಗಿ ಬಂದು ಮೆಲ್ಲಗೆ ಕೇಳಿದ. “ಮಾಸ್ತರ, ಬೆರಳು ತಪ್ಪಿತೇನ್ರಿ?”

ಪಡಸಾಲೆಯಲ್ಲಿ ಕಿಸಕ್ಕೆಂದ ನಗೆ ಒಂದೆರಡು ಕೇಳಿತು. ಚಂದ್ರಪ್ಪ ಅವರ ಕಡೆ ದುರುಗುಟ್ಟಿ ನೋಡಿ, ಪ್ರಾಣೇಶನಿಗೆ ಹೇಳಿದ. “ಒಂದ ಮಾತ ಅನ್ರಿ. ನನಗ ಗೊತ್ತಿರಲಿಲ್ಲ ಅನ್ರಿ ಸಾಕು. ಗೊತ್ತಿಲ್ದ ಕೊಟ್ಟಿದ್ರ ನಾವು ಅದನ್ನ ಯಾಪಾರ ಅಂತ ಹಿಡಿಯಂಗಿಲ್ಲ. ಮಾಳಪ್ಪನೂ ಬಿಡ್ತಾನ, ನಾನೂ ಬಿಡ್ತೇನಿ. ಎಮ್ಮಿ ಒಳಗ ಕಟ್ರಿ.”

ಬಾಗಿಲ ಹಿಂದೆ ಗಂಗಾಬಾಯಿ ಚೌಕಟ್ಟು ಹಿಡಿದು ನಿಂತಳು. ಅನ್ನು, ಅಂದುಬಿಡು, ನಿನ್ನ ಅಪ್ಪನ ಗಂಟೇನೂ ಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ನೂರು ಸಲ ಹೇಳಿದಳು. ಒಂದು ಚಿಕ್ಕ ಮಾತು. ಓದು ಬಾರದ ಗುಡ್ಡಪ್ಪನೂ ಬೇಕಾದರೆ ಅಂದಾನು.

ಪ್ರಾಣೇಶ ಎದ್ದು ನಿಂತ. ಅಂಗಿ ಸರಿಮಾಡಿಕೊಂಡ. “ಮಹನೀಯರೇ,” ಎಂದು ಶುರುಮಾಡಿದ.

ಅದು ಕೇಳಿದೊಡನೆ ಗಂಗಾಬಾಯಿಗೆ ಎಮ್ಮೆ ಹೋಯಿತೆಂದು ತಿಳಿಯಿತು. ಮಹನೀಯರೇ ಎಂದು ಶುರುಮಾಡಿದವನು ಗೊತ್ತಿಲ್ಲ ಎಂದು ಮುಗಿಸುವುದುಂಟೇ? ಅವನು ಬೇಕೆಂದೇ ಹಾಗೆ ಮಾಡಿದನಂತೆ. ವರ್ತಕನಾದವನಿಗೆ ಲಾಭಕ್ಕಿಂತ ಕೊಟ್ಟ ಮಾತು ದೊಡ್ಡದು ಎಂದು ತೋರಿಸಲಿಕ್ಕೆ, ನಷ್ಟವಾದರೂ ಚಿಂತೆಯಿಲ್ಲವೆಂದು, ತಿಳಿದೂ ತಿಳಿದೂ ಐವತ್ತಕ್ಕೆ ಒಪ್ಪಿದನಂತೆ. ಇದೇ ಇವತ್ತಿನ ಪಾಠವಂತೆ. ಆ ಜಮಖಾನೆಯ ಮೇಲಿದ್ದವರಲ್ಲಿ ಒಬ್ಬನೂ ಅದನ್ನು ನಂಬಲಿಲ್ಲ. ಆದರೂ ಎಲ್ಲರೂ ಚಪ್ಪಾಳೆ ತಟ್ಟಿದರು. ಹೋಗುವುದು ತಮ್ಮ ಮನೆಯ ಎಮ್ಮೆಯಲ್ಲವಲ್ಲ.

ಮಜ್ಜಿಗೆಯ ಹೊತ್ತಾಯಿತೆಂದು ಪ್ರಾಣೇಶ ಒಳಗೆ ಬಂದ. ಬಂದವನು ಗಂಗಾಬಾಯಿಯ ಮುಂದೆ ಒಲೆಯ ಕಟ್ಟೆಯ ಮೇಲೆ ಕುಸಿದು ಕೂತ. ಮುಖ ಹುಳ್ಳಗಾಗಿತ್ತು.

“ಅತ್ಯಾ, ನನಗ ಆ ಬೆರಳಿನ ಲೆಕ್ಕ ಗೊತ್ತಿರಲಿಲ್ಲ. ನಾ ಶೇಕ್‌ಹ್ಯಾಂಡ್ ಅಂತ ತಿಳಕೊಂಡೆ,” ಎಂದ ಪಿಸುದನಿಯಲ್ಲಿ.

“ಹೌದೇನು. ಅದನ್ನ ಹೊರಗ ಹೋಗಿ ಅನ್ನು. ಅವರಿನ್ನೂ ಕೂತಾರ.”

“ಅದ್ಹೆಂಗ ಅನ್ನಲಿಕ್ಕೆ ಬರ್ತದ? ನಾಳೆ ಪ್ಯಾಟ್ಯಾಗ ತಲಿ ಎತ್ತಿ ಅಡ್ಡಾಡೂದು ಹೆಂಗ? ಖಾರಾ ಕರಿಯೋರ ಮುಂದ, ಎಲಿ ಮಾರೋರ ಮುಂದ ನನಗ ಗೊತ್ತಿಲ್ಲ ಅನ್ನಲ್ಯಾ?”

“ನನ್ನ ಮುಂದ ಅಂದೆಲ್ಲ.”

“ನೀ ಮನಿಯಾಕಿ,” ಎಂದ ಪ್ರಾಣೇಶ.

ಗಂಗಾಬಾಯಿ ಅವನನ್ನು ನೋಡುತ್ತ ನಿಂತಳು. ಇವನಿಗೆ ಹೊರಗಿನವರ ಮುಂದೆ ನಾಚಿಕೆಯಿದೆ, ತನ್ನ ಮುಂದೆ ಇಲ್ಲ. ತಾನು ಇವನ ಲೆಕ್ಕದಲ್ಲಿ ಮನುಷ್ಯಳೇ ಅಲ್ಲ, ಒಲೆಯ ಹತ್ತಿರದ ಇನ್ನೊಂದು ಕೊಡ. ಅವಳಿಗೆ ಅಳು ಬರಬೇಕಾಗಿತ್ತು, ಬರಲಿಲ್ಲ. ತಲೆಯ ಮೇಲಿನ ಸೆರಗು ಎಳೆದುಕೊಂಡು, ಬಾಗಿಲು ಪೂರ್ತಿ ತೆರೆದು, ನೇರವಾಗಿ ಪಡಸಾಲೆಯ ನಡುವೆ ಬಂದು ನಿಂತಳು.

ಬೋಳುತಲೆಯ ಮಡಿ ಹೆಂಗಸು ಹೀಗೆ ಗಂಡಸರ ನಡುವೆ ಬಂದದ್ದು ನೋಡಿ ವರ್ತಕರೆಲ್ಲ ಗಡಬಡಿಸಿ ಕಾಲು ಮಡಚಿ ನೆಲ ನೋಡಿದರು. ಅವಳು ಅವರ ಕಡೆ ತಿರುಗಿಯೂ ನೋಡಲಿಲ್ಲ.

“ಚಂದ್ರಪ್ಪ, ಎಮ್ಮಿ ನಂದು. ಇಂವಗ ನಿಮ್ಮ ಬೆರಳು ಗೊತ್ತಿಲ್ಲ. ಈಗಷ್ಟ ಒಳಗ ನನ್ನ ಮುಂದ ಅಂದಾನ.”

ಚಂದ್ರಪ್ಪ ಎದ್ದು ನಿಂತು ಕೈ ಮುಗಿದ. “ನಿಮ್ಮ ಮಾತ ಸುಳ್ಳಂತ ನಾ ಅನ್ನಂಗಿಲ್ರೀ ಅವ್ವಾರ. ಆದ್ರ ಕೈ ಕೊಟ್ಟವರು ಹೇಳಬೇಕು.” ಪ್ರಾಣೇಶನ ಕಡೆ ತಿರುಗಿದ. “ಹೌದೇನ್ರಿ ಮಾಸ್ತರ?”

ಬಾಗಿಲಲ್ಲಿ ನಿಂತಿದ್ದ ಪ್ರಾಣೇಶ ಒಮ್ಮೆ ಅತ್ತೆಯನ್ನು ನೋಡಿದ, ಒಮ್ಮೆ ಇಪ್ಪತ್ತೈದು ಜನರನ್ನು ನೋಡಿದ. ತೂಕ ಮಾಡಿದ. “ವಯಸ್ಸಾದವರು, ಎಮ್ಮಿ ಮ್ಯಾಲ ಮಮತಾ. ಏನೋ ಒಂದು ಅಂತಾರ,” ಎಂದ. “ಮನಿಯೊಳಗಿನ ಸೊತ್ತಿಗೆ ನಾ ಯಜಮಾನ. ನಾ ತಿಳಿದ ಕೊಟ್ಟೇನಿ.”

ಅವಳನ್ನು ಸುಳ್ಳಿ ಎಂದಂತಾಯಿತು, ಅದೂ ಊರ ಮುಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ ಈ ಸಲ. ಮಾಳಪ್ಪ ಧೋತರದ ಗಂಟು ಬಿಚ್ಚಿ ಹತ್ತರ ಐದು ನೋಟು ತೆಗೆದು ಪ್ರಾಣೇಶನ ಅಂಗೈಯಲ್ಲಿಟ್ಟ. ಮುಖ ಮಾತ್ರ ನೋಡಲಿಲ್ಲ. ಅಂಗಳಕ್ಕಿಳಿದು ಹಗ್ಗ ಕೈಗೆ ತಗೊಂಡ. ಅಲ್ಲಿಂದಲೇ ಗಂಗಾಬಾಯಿಗೆ ಹೇಳಿದ.

“ಅವ್ವಾರ, ಎಮ್ಮಿ ಈಗ ನಂದಾತು. ನನ್ನ ಎಮ್ಮಿ ನಾ ಯಾರಿಗೆ ಬೇಕಾದ್ರೂ ಪಾಲಿಗೆ ಕೊಡಬಹುದು. ನೀವು ತಗೋತೀರೇನ್ರಿ?”

ಪಾಲಿಗೆ ಕೊಡುವುದೆಂದರೆ ಒಡೆತನ ಒಬ್ಬರದು, ಸಾಕುವುದು ಇನ್ನೊಬ್ಬರದು, ಬಂದದ್ದರಲ್ಲಿ ಇಬ್ಬರಿಗೂ ಪಾಲು. ದಾನವಲ್ಲ, ಕರುಣೆಯಲ್ಲ. ಗಂಗಾಬಾಯಿ ಕಟ್ಟೆಯ ಅಂಚಿಗೆ ಬಂದಳು.

“ಮುಂದ ಹುಟ್ಟೋ ಕರು ನಿಂದು. ನಿನ್ನ ಬಾಣಂತಿಗೆ ದಿನಾ ಒಂದು ಸೇರು ಹಾಲು. ಉಳಿದ ಹಾಲು ನಂದು,” ಎಂದಳು.

“ಮೇವು ಯಾರದ್ರಿ?”

“ಹಸಿ ಹುಲ್ಲು ನಿನ್ನ ತೋಟದ್ದು, ಹಿಂಡಿ ನಂದು. ಎರಡು ಕರು ನಿನಗ ಕೊಟ್ಟ ಮ್ಯಾಲ ಎಮ್ಮಿ ನಂದಾಗಬೇಕು.”

“ಮೂರು ಮಾಡ್ರಿ.”

“ಎರಡು. ಐವತ್ತಕ್ಕ ಸಿಕ್ಕದ ನಿನಗ, ಮರೀಬ್ಯಾಡ.”

ಮಾಳಪ್ಪ ನಕ್ಕುಬಿಟ್ಟ. “ಆತ್ರಿ, ಎರಡ.” ಜಮಖಾನೆಯ ಮೇಲೆ ಇಪ್ಪತ್ತೈದು ಜನ ಬಾಯಿ ತೆರೆದು ಕೂತಿದ್ದರು. ಖಾರಾ ಅಂಗಡಿಯವನು ಪಕ್ಕದವನಿಗೆ ಏನೋ ಕೇಳಹೋಗಿ, ಅವನ ಕೈಯಿಂದ ತಿವಿಸಿಕೊಂಡ.

“ಎಲ್ಲಿ ಕಟ್ಟಲಿ?” ಎಂದು ಮಾಳಪ್ಪ ಹಿತ್ತಲ ಕಡೆ ನೋಡಿದ.

“ಈ ಮನಿಯಾಗ ಬ್ಯಾಡ. ಇಲ್ಲಿದ್ರ ಮುಂದಿನ ವಾರ ಮತ್ತ ಮಾರ್ತಾನ. ಮಠದ ಹಿತ್ತಲದಾಗ ಜಾಗಾ ಅದ, ಪಕ್ಕಕ್ಕ ಒಂದು ಖೋಲಿನೂ ಖಾಲಿ ಅದ. ನಾನೂ ಅಲ್ಲೇ ಇರ್ತೇನಿ.”

ಪ್ರಾಣೇಶ ಐದು ನೋಟು ಹಿಡಿದುಕೊಂಡೇ ಓಡಿ ಬಂದ. ಈಗ ಅವನ ದನಿಯಲ್ಲಿ ‘ಮಹನೀಯರೇ’ ಎಂದಾಗಿನ ಗತ್ತು ಉಳಿದಿರಲಿಲ್ಲ. “ಅತ್ಯಾ, ಏನಿದು? ನೀ ಹಿಂಗ ಮನಿ ಬಿಟ್ಟು ಹೋದ್ರ ನಾಳೆ ಮಂದಿ ನನಗ ಏನಂದಾರು?”

ಗಂಗಾಬಾಯಿ ಆಗಲೇ ಅಂಗಳಕ್ಕಿಳಿದು ತುಂಗಿಯ ಬೆನ್ನ ಮೇಲೆ ಕೈಯಿಟ್ಟಿದ್ದಳು. ತಿರುಗಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

“ನನಗ ಗೊತ್ತಿಲ್ಲೋ ಪ್ರಾಣೇಶಾ. ನೋಡು, ಎಷ್ಟು ಹಗುರ ಅದ ಆ ಮಾತು ಅನ್ನೂದು.”